ಹೊಸ್ತಿಲ ಹೊರಗೆ ಕೇಳಿದ ಬರೋಬ್ಬರಿ

ನಾನು ಕುಸ್ತಿ ಕಲಿತದ್ದು ಹೊಸ್ತಿಲ ಹೊರಗೆ ನಿಂತು. ಹಳಿಯಾಳದಲ್ಲಿ ನಮ್ಮಪ್ಪ ಒಂದು ಗರಡಿಮನೆಯ ವಸ್ತಾದ ಆಗಿದ್ದ. ಪೈಲ್ವಾನರಿಗೆ ಪಟ್ಟು ಕಲಿಸುವ ಗುರುವಿಗೆ ನಮ್ಮ ಕಡೆ ವಸ್ತಾದ ಎನ್ನುತ್ತಾರೆ. ಬೆಳಿಗ್ಗೆ ಅವ್ವ ಬಾದಾಮಿ ಅರೆದು, ಹಾಲಿಗೆ ಕಲಸಿ, ತಂಬಿಗೆಗೆ ಹಾಕಿ ಕೊಡುತ್ತಿದ್ದಳು. ಅದನ್ನು ಗರಡಿಮನೆಗೆ ಮುಟ್ಟಿಸುವುದು ನನ್ನ ಕೆಲಸ. ಆದರೆ ಹೆಣ್ಣುಮಕ್ಕಳು ಒಳಗಿನ ಕೆಮ್ಮಣ್ಣು ತುಳಿಯುವ ಹಾಗಿರಲಿಲ್ಲ, ಒಳಗೆ ಇಣುಕುವ ಹಾಗೂ ಇರಲಿಲ್ಲ. ತಂಬಿಗೆಯನ್ನು ಹೊಸ್ತಿಲ ಹೊರಗಿಟ್ಟು, ಬಾಗಿಲಿಗೆ ಬೆನ್ನು ಮಾಡಿ, ಅಪ್ಪ ಬಂದು ಒಯ್ಯುವವರೆಗೆ ನೊಣ ಹೊಡೆಯುತ್ತ ನಿಲ್ಲಬೇಕು.

ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ಮೈಗೆ ಮೈ ಬಡಿಯುವ ಸಪ್ಪಳ, ಏದುಸಿರು, ನಡುನಡುವೆ ಅಪ್ಪನ ಮಾತು. ಅಪ್ಪ ಕೈಕಾಲಿನ ಮಾತಿಗಿಂತ ಮನಸ್ಸಿನ ಮಾತನ್ನೇ ಹೆಚ್ಚು ಆಡುತ್ತಿದ್ದ. ಕಣಕ್ಕಿಳಿಯುವ ಮೊದಲು ಕಣ್ಣು ಮುಚ್ಚಿ ಇಡೀ ಕುಸ್ತಿಯನ್ನು ಒಳಗೊಳಗೇ ಒಮ್ಮೆ ಆಡಿ ಮುಗಿಸಬೇಕು. ಉಸಿರನ್ನು ಹೊಕ್ಕುಳದವರೆಗೆ ಇಳಿಸಿ, ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡಬೇಕು. ಎದುರಿನವನ ಕಣ್ಣು ನೋಡಬಾರದು, ಎದೆ ನೋಡಬೇಕು. ಕಣ್ಣು ಹೆದರಿಸುತ್ತದೆ, ಎದೆಯಾದರೆ ಅವನು ಮುಂದೆ ಎತ್ತ ಹೊರಳುತ್ತಾನೆ ಎಂದು ಹೇಳಿಬಿಡುತ್ತದೆ. ಜನ ಕೂಗುವುದು ಹೆಂಚಿನ ಮೇಲೆ ಮಳೆ ಬಿದ್ದ ಹಾಗೆ, ಬೀಳುತ್ತಿದೆ ಎಂದು ಗೊತ್ತಿದ್ದರೆ ಸಾಕು, ಕಿವಿ ಕೊಡಬೇಕಾಗಿಲ್ಲ. ಎಲ್ಲಕ್ಕಿಂತ ಹೆಚ್ಚು ಸಲ ಕೇಳಿದ್ದು ಇದು: “ಗೆಲ್ಲೂದು ನೆನಿಬ್ಯಾಡ, ಸೋಲೂದು ನೆನಿಬ್ಯಾಡ. ಕೈಯಾಗಿನ ಪಟ್ಟು ಒಂದ ನೆನಿ.”

ಇನ್ನೊಂದು ಮಾತಿತ್ತು. ಒಳಗೆ ಸಪ್ಪಳ ಜೋರಾಗಿ, ಯಾರೋ ಹಲ್ಲು ಕಚ್ಚಿ ನರಳುವುದು ಕೇಳಿಸಿ, ಇನ್ನೇನು ಏನೋ ಆಗಿಬಿಡುತ್ತದೆ ಅನ್ನುವಷ್ಟರಲ್ಲಿ ಅಪ್ಪ ದೊಡ್ಡ ದನಿಯಲ್ಲಿ “ಬರೋಬ್ಬರಿ” ಎನ್ನುತ್ತಿದ್ದ. ಒಮ್ಮೆಗೇ ಎಲ್ಲ ಶಾಂತ. ನಮ್ಮ ಮನೆಯಲ್ಲಿ ಬರೋಬ್ಬರಿ ಎಂದರೆ ಸರಿಯಾಗಿದೆ ಎಂದರ್ಥ. ಸಾರಿಗೆ ಉಪ್ಪು ಬರೋಬ್ಬರಿ ಆಗೇತಿ, ಜಂಪರಿನ ಅಳತಿ ಬರೋಬ್ಬರಿ ಐತಿ. ಹಾಗಾಗಿ ಒಳಗೆ ಯಾರೋ ಪಟ್ಟನ್ನು ಸರಿಯಾಗಿ ಬಿಗಿದ, ಅಪ್ಪ ಮೆಚ್ಚಿ ಶಾಭಾಸ್ ಹೇಳಿದ ಎಂದು ನಾನು ತಿಳಿದುಕೊಂಡೆ. ಯಾರನ್ನೂ ಕೇಳಲಿಲ್ಲ. ಮದುವೆಯಾಗಿ ಮಗುವಿನ ತಾಯಿಯಾದ ಮೇಲೂ ಹಾಗೇ ತಿಳಿದಿದ್ದೆ.

ಇದನ್ನು ಮೊದಲೇ ಬರೆದುಬಿಡುತ್ತೇನೆ. ಈ ವಿದ್ಯೆಯನ್ನು ಬಳಸಿ ನಾನು ಒಂದು ಹುಡುಗಿಯ ಗೊತ್ತಾಗಿದ್ದ ಮದುವೆ ಮುರಿದೆ. ಆ ಹುಡುಗಿ ನನಗೆ ಜಂಪರ್ ಹೊಲಿಯಲು ಕಲಿಸಿದವಳು.

ಐವತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಮದುವೆಯಾಗಿ ದಾಂಡೇಲಿಗೆ ಬಂದೆ. ನಮ್ಮನೆಯವರು ಧಾರವಾಡ ಕಡೆಯವರು, ಕಾಗದದ ಗಿರಣಿಯಲ್ಲಿ ಬಿದಿರು ಕತ್ತರಿಸುವ ಕಡೆ ಕೆಲಸ. ನಾವಿದ್ದದ್ದು ಊರೊಳಗಿನ ಒಂದು ಚಾಳದಲ್ಲಿ. ಸಾಲಾಗಿ ಎಂಟು ಮನೆ, ತುದಿಗೆ ಒಂದು ನಳ. ನಡುವಿನ ಗೋಡೆಗಳು ಹೆಂಚಿನವರೆಗೂ ಏರಿರಲಿಲ್ಲ. ಆಚೆ ಮನೆಯಲ್ಲಿ ಬೆಳ್ಳುಳ್ಳಿ ಜಜ್ಜಿದರೆ ಈಚೆ ಮನೆಯಲ್ಲಿ ಕಣ್ಣುರಿಯುತ್ತಿತ್ತು. ಬೆಳಿಗ್ಗೆ ಗಿರಣಿಯ ಭೋಂಗಾ ಕೂಗುವುದಕ್ಕೂ ನಳದಲ್ಲಿ ನೀರು ಬರುವುದಕ್ಕೂ ಹೆಚ್ಚುಕಡಿಮೆ ಒಂದೇ ಹೊತ್ತು. ಒಂದು ತಾಸು ನೀರು. ಗಂಡಸರಿಗೆ ಗಿರಣಿಯಲ್ಲಿ ಪಾಳಿ, ಹೆಂಗಸರಿಗೆ ನಳದ ಮುಂದೆ ಪಾಳಿ.

ನನ್ನ ಪಾಳಿ ಯಾವಾಗಲೂ ಕೊನೆಗೇ. ಪಾಳಿ ಹಾಗೆ ಇತ್ತೆಂದಲ್ಲ, ನನಗೆ ಬಾಯಿರಲಿಲ್ಲ. ಮೂಲೆಮನೆಯಲ್ಲಿ ನಾವೆಲ್ಲ ಕಾಕು ಎನ್ನುವ ಹಿರಿಯ ಹೆಂಗಸೊಬ್ಬರು ಇದ್ದರು, ಭಾರೀ ಆಳು, ನನ್ನ ಕೊಡವನ್ನು ಕಾಲಿನಿಂದ ಸರಿಸಿ ತಮ್ಮದನ್ನು ಇಡುತ್ತಿದ್ದರು. ಅವರ ಹಿಂದೆ ಉಳಿದವರು. ನಾನು ಎರಡು ಕೊಡ ತುಂಬುವಷ್ಟರಲ್ಲಿ ನೀರು ಸಣ್ಣಗಾಗಿ ನಿಂತುಹೋಗುತ್ತಿತ್ತು. ನಮ್ಮನೆಯವರ ಬುತ್ತಿಗೆ ನಿನ್ನೆಯ ರೊಟ್ಟಿ, ಶೇಂಗಾ ಚಟ್ನಿ.  ಸಂಜೆ ತೊಳೆಯಲು ಬುತ್ತಿಯ ಡಬ್ಬಿ ಬಿಚ್ಚಿದರೆ ಅರ್ಧ ರೊಟ್ಟಿ ಹಾಗೇ ಇರುತ್ತಿತ್ತು.

ಒಂದು ದಿನ ಆ ಅರ್ಧ ರೊಟ್ಟಿ ನೋಡುತ್ತ ಕುಳಿತವಳಿಗೆ ಅಪ್ಪನ ಮಾತು ನೆನಪಾಯಿತು. ನಳದ ಕಟ್ಟೆಯೇ ಕಣ, ಕಾಕು ನನ್ನ ಎದುರಿನ ಜೋಡಿ ಎಂದುಕೊಂಡೆ. ಕಸ ಗುಡಿಸುತ್ತ, ಪಾತ್ರೆಗೆ ಬೂದಿ ಹಚ್ಚುತ್ತ, ಇಡೀ ಜಗಳವನ್ನು ಮನಸ್ಸಿನಲ್ಲಿ ಆಡಿದೆ. ಕಾಕು ಹೀಗೆ ಕಾಲು ಚಾಚುತ್ತಾರೆ, ನಾನು ಹೀಗೆ ಕೊಡ ಹಿಡಿಯುತ್ತೇನೆ, ಅವರು ಇಷ್ಟು ಅನ್ನುತ್ತಾರೆ, ನಾನು ಒಂದೇ ಮಾತು ಅನ್ನುತ್ತೇನೆ. ಮರುದಿನ ಕೊಡ ಇಟ್ಟು, ಕಾಕುವಿನ ಮುಂದೆ ನಿಂತು, ಹೊಕ್ಕುಳದವರೆಗೆ ಉಸಿರೆಳೆದು ಬಿಟ್ಟೆ.

“ಏನವಾ, ಊದುಗೊಳವಿ ನುಂಗೀಯೇನು? ಹಂಗ್ಯಾಕ ಬುಸ್ ಅನ್ನಾಕ ಹತ್ತಿ?” ಎಂದರು ಕಾಕು.

ಎಲ್ಲರೂ ನಕ್ಕರು. ಹೆಂಚಿನ ಮೇಲೆ ಮಳೆ, ಎಂದುಕೊಂಡೆ. ಅವರ ಕಣ್ಣು ನೋಡಲಿಲ್ಲ. ಎದೆಯ ಮೇಲೆ ತಾಳಿಗೆ ಸಿಕ್ಕಿಸಿದ್ದ ಮೂರು ಪಿನ್ನುಗಳನ್ನೇ ನೋಡುತ್ತ, “ಪಾಳಿ ನಂದೈತ್ರಿ ಕಾಕು” ಎಂದೆ. ಅವರು ನನ್ನ ತವರು, ನನ್ನ ಅಡುಗೆ, ನನ್ನ ಜಡೆ ಎಲ್ಲದರ ಮೇಲೂ ಒಂದೊಂದು ಮಾತು ಆಡಿದರು. ಪ್ರತಿ ಸಲ ನಾನು ಅದೇ ಮಾತು, ಅದೇ ದನಿಯಲ್ಲಿ. ನಾಲ್ಕನೆಯ ಸಲಕ್ಕೆ ಪಿನ್ನುಗಳು ಒಂದು ಸಲ ಮೇಲೆದ್ದು ಕೆಳಗಿಳಿದವು. ಕಾಕು ತಮ್ಮ ಕೊಡ ಹಿಂದಕ್ಕೆ ಎಳೆದುಕೊಂಡರು. ಅವತ್ತು ಬುತ್ತಿಗೆ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಸಂಜೆ ಡಬ್ಬಿ ಖಾಲಿ.

ಅಲ್ಲಿಂದ ಎಲ್ಲದಕ್ಕೂ ಅದೇ. ರೇಷನ್ ಅಂಗಡಿಯ ಸಾಲಿನಲ್ಲಿ, ಮಗಳ ಕಾಲಿನ ಮುಳ್ಳು ತೆಗೆಯುವಾಗ, ದವಾಖಾನೆಯಲ್ಲಿ ಹಲ್ಲು ಕೀಳಿಸುವಾಗ, ಜೋಯಿಡಾ ಕಡೆಯ ಕಾಡಿನ ತಿರುವಿನಲ್ಲಿ ಬಸ್ಸಿನೊಳಗೆ ಹೊಟ್ಟೆ ತೊಳಸುವಾಗ, ಕೈಯಲ್ಲಿದ್ದ ಪಟ್ಟು ಒಂದೇ ನೆನೆಯುತ್ತಿದ್ದೆ. ಚಾಳದ ಹೆಂಗಸರು ನನ್ನನ್ನು ವಸ್ತಾದಬಾಯಿ ಎಂದು ಕರೆಯತೊಡಗಿದರು. ಮೊದಮೊದಲು ಚೇಷ್ಟೆಗೆ, ಆಮೇಲೆ ನಿಜವಾಗಿ. ಯಾರ ಕೊಡದ ಹಿಂದೆ ಯಾರ ಕೊಡ ಎಂದು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಕಾಕು ಕೂಡ ನನ್ನ ಮುಖ ನೋಡಿ ಕೊಡ ಇಡುತ್ತಿದ್ದರು. ನನಗೆ ರುಚಿ ಹತ್ತಿತು. ಬೆಳಿಗ್ಗೆ ಭೋಂಗಾ ಕೂಗುವ ಮೊದಲೇ ಎಚ್ಚರವಾಗುತ್ತಿತ್ತು, ಜಾತ್ರೆಗೆ ಹೊರಟವರಿಗೆ ಆಗುವ ಹಾಗೆ.

ನಮ್ಮ ಗೋಡೆಯಾಚೆ ಒಬ್ಬ ಮುಸಲ್ಮಾನ ಮೆಕ್ಯಾನಿಕರ ಮನೆ. ಅವರು ಕಟ್ಟಿಗೆ ಸಾಗಿಸುವ ಲಾರಿಗಳನ್ನು ರಿಪೇರಿ ಮಾಡುತ್ತಿದ್ದರು. ಅವರ ಹೆಂಡತಿಯನ್ನು ನಾನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದೆ. ನನಗಿಂತ ಹನ್ನೆರಡು ವರ್ಷ ದೊಡ್ಡವರು, ನನ್ನನ್ನು ತಂಗೆವ್ವ ಎನ್ನುತ್ತಿದ್ದರು, ನೀನು ಎಂದೇ ಮಾತು. ನನ್ನ ಮಗಳು ಹುಟ್ಟಿದಾಗ ಒಂದು ತಿಂಗಳು ಅವಳಿಗೆ ಎಣ್ಣೆ ತಿಕ್ಕಿ ನೀರು ಹಾಕಿದವರು ಆಪಾ. ಅವರಿಗೆ ಒಬ್ಬಳೇ ಮಗಳು, ಆಗ ಹದಿನೆಂಟು. ಮಾತು ಕಡಿಮೆ. ಊಟದ ಹೊತ್ತು ಬಿಟ್ಟರೆ ದಿನವಿಡೀ ಅವಳ ಹೊಲಿಗೆ ಯಂತ್ರದ ಸಪ್ಪಳ ಗೋಡೆಯ ಮೇಲಿನಿಂದ ನಮ್ಮ ಮನೆಗೆ ಬರುತ್ತಿತ್ತು. ಯಂತ್ರ ನಿಂತರೆ ಊಟದ ಹೊತ್ತಾಯಿತು ಎಂದು ನಾನು ಅಕ್ಕಿ ತೊಳೆಯಲು ಏಳುತ್ತಿದ್ದೆ.

ಆ ಹುಡುಗಿಗೆ ಮುಂಡಗೋಡದ ಒಂದು ಬಟ್ಟೆ ವ್ಯಾಪಾರದ ಮನೆತನದಲ್ಲಿ ಮದುವೆ ಗೊತ್ತಾಯಿತು. ಗೊತ್ತಾದ ದಿನ ಸಕ್ಕರೆ ಹಂಚುವುದು ಅವರ ಪದ್ಧತಿ. ಆಪಾ ತಟ್ಟೆ ತುಂಬ ಸಕ್ಕರೆ ಹಿಡಿದು ಮನೆ ಮನೆಗೆ ಬಂದು, ಒಂದು ಸಣ್ಣ ಹಿತ್ತಾಳೆ ಬಟ್ಟಲಿನಿಂದ ಅಳೆದು ಕೊಟ್ಟರು. ಎಲ್ಲರಿಗೂ ಬಟ್ಟಲಿನ ಅಂಚಿಗೆ ಸಮ. ನನ್ನ ಸೆರಗಿಗೆ ಹಾಕುವಾಗ ಬಟ್ಟಲ ಮೇಲೆ ಗೋಪುರ ನಿಂತಿತ್ತು. “ತಂಗೆವ್ವ, ನಿಂದು ಕಾಕುಗ ತೋರಿಸಬ್ಯಾಡ” ಎಂದು ನಕ್ಕರು.

ಕೆಲವು ದಿನದ ಮೇಲೆ, ಮಧ್ಯಾಹ್ನ, ನಾನು ಅಕ್ಕಿಯಲ್ಲಿ ಹರಳು ಆರಿಸುತ್ತಿದ್ದಾಗ ಆಪಾ ಬಂದು ಕುಳಿತರು. ಬಹಳ ಹೊತ್ತು ಅವರೂ ಹರಳು ಆರಿಸಿದರು. ಆಮೇಲೆ ಮೊರದ ಅಕ್ಕಿಯ ಕಡೆಗೇ ನೋಡುತ್ತ ಹೇಳಿದರು. ಹುಡುಗಿ ಹತ್ತು ವರ್ಷದವಳಿದ್ದಾಗ ದೊಡ್ಡ ಜ್ವರ ಬಂದು ಹೋದ ಮೇಲೆ ನಿದ್ದೆಯಲ್ಲಿ ಹಾಸಿಗೆ ಒದ್ದೆಯಾಗುತ್ತದೆ. ಮೊದಲು ದಿನಾ ಆಗುತ್ತಿತ್ತು, ಈಗ ವಾರಕ್ಕೆ ಎರಡು ಸಲ, ಕೆಲವು ವಾರ ಅದೂ ಇಲ್ಲ. ಹಳಿಯಾಳದ ಹಕೀಮರ ಔಷಧಿ ನಡೆದಿದೆ, ಮದುವೆಯ ಹೊತ್ತಿಗೆ ಪೂರಾ ನಿಲ್ಲುತ್ತದೆ ಎಂದಿದ್ದಾರೆ. ಹಾಸುವ ಕೌದಿಯನ್ನು ಬೆಳಕು ಹರಿಯುವುದರೊಳಗೆ ತೊಳೆದು ಹಾಕಬೇಕು, ಎರಡು ಕೊಡ ನೀರು ಹೆಚ್ಚು ಬೇಕು. ಇಷ್ಟನ್ನು ಹೇಳಿ, ನನ್ನ ಮೊಣಕೈ ಮುಟ್ಟಿ, “ನಿನ್ನ ಹೊಟ್ಯಾಗ ಇರ್ಲಿ, ತಂಗೆವ್ವ” ಎಂದರು.

ನಾನು ಮರುದಿನದಿಂದಲೇ ಆಪಾಗೆ ಮೊದಲ ಪಾಳಿ ಕೊಟ್ಟೆ. ಎರಡು ಕೊಡ ಹೆಚ್ಚು ತುಂಬಿಕೊಳ್ಳಲಿ ಎಂದೆ. ಯಾಕೆ ಎಂದು ಯಾರೂ ಕೇಳಲಿಲ್ಲ. ವಸ್ತಾದಬಾಯಿ ಹೇಳಿದ ಮೇಲೆ ಆಯಿತು. ನನಗೆ ಆಪಾ ಮೇಲೆ ಪ್ರೀತಿ ಇದ್ದದ್ದು ನಿಜ. ಹಾಗೆ ಒಂದು ಮಾತಿಗೆ ನೀರು ಕೊಡಿಸಬಲ್ಲೆ ಎಂಬುದರ ಮೇಲೆ ಅದಕ್ಕಿಂತ ಹೆಚ್ಚು ಪ್ರೀತಿ ಇತ್ತು ಎಂದು ಈಗ ಅನಿಸುತ್ತದೆ.

ಆ ಬೇಸಿಗೆಯಲ್ಲಿ ನೀರು ಕಡಿಮೆಯಾಯಿತು. ಒಂದು ತಾಸು ಹೋಗಿ ಅರ್ಧ ತಾಸು, ಆಮೇಲೆ ಅದೂ ಸಣ್ಣ ಎಳೆ. ಮೂರು ದಿನ ಕಾಕುವಿಗೆ ಎರಡೇ ಕೊಡ ಸಿಕ್ಕಿತ್ತು, ಮೇಲೆ ಮುಂಡಗೋಡದಿಂದ ಅವರ ತಂಗಿ ಬಂದಿದ್ದಳು. ಆ ತಂಗಿ, ಆಪಾನ ಮಗಳಿಗೆ ಗೊತ್ತಾದ ಗಂಡಿನ ಮನೆ ಇರುವ ಓಣಿಯವಳೇ. ಒಂದು ಸಂಜೆ ಆಪಾ ಗೋಡೆಯಾಚೆಯಿಂದ ಅದನ್ನು ನನಗೆ ಹೇಳಿದ್ದರು. ಆಕೆ ಇರುವವರೆಗೆ ಕೌದಿಯನ್ನು ಒಳಗೇ ಒಣಗಿಸುತ್ತೇನೆ ಎಂದೂ ಹೇಳಿದ್ದರು.

ಮರುದಿನ ಬೆಳಿಗ್ಗೆ ಆಪಾ ನಾಲ್ಕನೆಯ ಕೊಡ ಇಟ್ಟಾಗ ಕಾಕು ಸೊಂಟದ ಮೇಲೆ ಕೈಯಿಟ್ಟರು. ನಮ್ಮ ಪೈಲ್ವಾನತಿಯ ನ್ಯಾಯ ಗೋಡೆಯಾಚೆಯವರಿಗೆ ಬೇರೆ, ನಮಗೆ ಬೇರೆ, ಎಂದರು. ಹಿಂದೆ ನಿಂತವರೆಲ್ಲ ಹೌದೆಂದು ಗುಣುಗುಟ್ಟಿದರು. ನಾನು ಸುಮ್ಮನೆ ನಿಂತಿದ್ದರೆ ಆಗುತ್ತಿತ್ತು. ಆಪಾ ಏನೋ ತಪ್ಪಿ ಹೆಚ್ಚು ತುಂಬಿಕೊಂಡರು ಎನ್ನುವ ಹಾಗೆ ಮುಖ ಮಾಡಿದೆ. “ಎಲ್ಲಾರಂಗ ನೀವೂ ಎರಡ ತುಂಬಕೋರಿ ಆಪಾ” ಎಂದೆ, ಎಲ್ಲರಿಗೂ ಕೇಳುವ ಹಾಗೆ.

ಆಪಾ ನನ್ನ ಮುಖ ನೋಡಿದರು. ನಂಬಲಾಗದವರ ಹಾಗೆ ನೋಡಿ, ಕಾಕುವಿನ ಕಡೆ ತಿರುಗಿ, “ನಾ ಕದ್ದು ತುಂಬಾಕ ಹತ್ತಿಲ್ಲ. ಆಕಿನ ಹೇಳ್ಯಾಳ, ನಾಲ್ಕು ತುಂಬಕೋ ಅಂತ” ಎಂದರು.

ಅದು ಇದ್ದ ಮಾತು. ಆದರೆ ಹೆಂಗಸರ ನಡುವೆ ಒಂದು ನಗೆ ಎದ್ದಿತು, ನನ್ನ ಮುಖ ಬಿಸಿಯಾಯಿತು. ಇಷ್ಟು ದಿನ ಕಟ್ಟಿಕೊಂಡದ್ದು ಕಾಲ ಕೆಳಗಿನಿಂದ ಜಾರುತ್ತಿದೆ ಅನಿಸಿತು. ಆಗ ನಾನು ಉಸಿರನ್ನು ಹೊಕ್ಕುಳದವರೆಗೆ ಇಳಿಸಿದೆ. ಆಪಾನ ಕಣ್ಣು ನೋಡಲಿಲ್ಲ, ಎದೆ ನೋಡಿದೆ. ದುಪಟ್ಟಾದ ಕೆಳಗೆ ಅದು ಬಡಬಡ ಹೊಡೆದುಕೊಳ್ಳುತ್ತಿತ್ತು. ಎಲ್ಲಿ ಹಿಡಿದರೆ ಬೀಳುತ್ತಾರೆ ಎಂದು ನನಗೆ ಗೊತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಆಪಾಗೆ ಅದು ಗೊತ್ತಾಗಿಹೋಯಿತು. ತುಟಿ ಅಲುಗಿಸಿಯೂ ಅಲುಗಿಸದ ಹಾಗೆ, “ತಂಗೆವ್ವ, ಬ್ಯಾಡ” ಎಂದರು. ಎದುರಿನ ದನಿಯನ್ನೆಲ್ಲ ಮಳೆ ಎಂದುಕೊಳ್ಳಲು ಕಲಿತವಳಿಗೆ ಅದೂ ಮಳೆಯೇ ಆಯಿತು.

“ಹದಿನೆಂಟು ವರ್ಷದಾಕಿ ದಿನಾ ಹಾಸಿಗಿ ತೋಯಿಸಿದ್ರ ಅದನ್ನ ತೊಳ್ಯಾಕ ಇಡೀ ಚಾಳಿನ ನೀರು ಕೊಡೂಣೇನು?” ಎಂದೆ.

ದಿನಾ ಎಂದೆ. ದಿನಾ ಇರಲಿಲ್ಲ.

ಎಲ್ಲ ಶಾಂತವಾಯಿತು. ಗರಡಿಮನೆಯಲ್ಲಿ ಆಗುತ್ತಿತ್ತಲ್ಲ, ಹಾಗೆ. ಆ ಶಾಂತದೊಳಗೆ ನನ್ನ ಕಿವಿಯಲ್ಲಿ ಅಪ್ಪನ ದನಿ ಸ್ಪಷ್ಟವಾಗಿ ಬರೋಬ್ಬರಿ ಎಂದಿತು. ಬರೆಯಲು ನಾಚಿಕೆಯಾಗುತ್ತದೆ, ಒಂದು ಕ್ಷಣ ನನಗೆ ಹಿಗ್ಗು ಆಯಿತು.

ಕಾಕುವಿನ ತಂಗಿ ಅಲ್ಲಿ ನಿಂತದ್ದು ಕಂಡಿರಲಿಲ್ಲ ಎಂದು ಆಮೇಲೆ ನಾನು ನಮ್ಮನೆಯವರಿಗೆ ಹೇಳಿದೆ, ನನಗೆ ನಾನೂ ಬಹಳ ದಿನ ಹೇಳಿಕೊಂಡೆ. ಕಂಡಿತ್ತು. ಕೆಂಪು ಇಳಕಲ್ ಸೀರೆ, ಕೈಯಲ್ಲಿ ಬೇವಿನ ಕಡ್ಡಿ, ಹಲ್ಲು ತಿಕ್ಕುತ್ತಿದ್ದವಳು ಕಡ್ಡಿ ಬಾಯಿಂದ ತೆಗೆದದ್ದೂ ಕಂಡಿತ್ತು.

ಆಪಾ ನಳದ ಕೆಳಗಿನಿಂದ ಅರ್ಧ ತುಂಬಿದ ಕೊಡ ಎತ್ತಿಕೊಂಡು ಹೋದರು. ನೀರು ಬರಿ ಕಲ್ಲಿನ ಮೇಲೆ ಬೀಳುತ್ತಿತ್ತು. ಅಂಥ ನೀರಡಿಕೆಯ ದಿನದಲ್ಲಿ, ಬಹಳ ಹೊತ್ತು, ಯಾರೂ ತಮ್ಮ ಕೊಡ ಇಡಲಿಲ್ಲ.

ಆ ದಿನ ಯಂತ್ರದ ಸಪ್ಪಳ ಬರಲಿಲ್ಲ. ನಾನು ಅಕ್ಕಿ ತೊಳೆಯುವುದನ್ನು ಮರೆತೆ. ಸಂಜೆ ನಮ್ಮನೆಯವರು ಕೆಲಸದಿಂದ ಬಂದು, ಊಟ ಮಾಡಿ, ಕೈ ತೊಳೆದು, ಪಂಚೆಯ ಅಂಚಿಗೆ ಒರೆಸಿಕೊಳ್ಳುತ್ತ, “ನಳಾ ಗೆದ್ದಿಯಂತಲ್ಲ” ಎಂದರು. ಅಷ್ಟೇ. ಹದಿನೈದು ದಿನದೊಳಗೆ ಮುಂಡಗೋಡದಿಂದ ಹೇಳಿಕಳಿಸಿದರು. ಸದ್ಯಕ್ಕೆ ಮದುವೆ ಬೇಡ, ಮುಂದೆ ನೋಡೋಣ ಎಂದು. ಮುಂದೆ ಎಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಹುಡುಗಿಯನ್ನು ಕ್ಯಾಸಲ್‌ರಾಕಿಗೆ, ರೈಲ್ವೆಯಲ್ಲಿದ್ದ ಅವಳ ಚಿಕ್ಕಪ್ಪನ ಮನೆಗೆ ಕಳಿಸಿದರು. ನಳದ ಮುಂದೆ ನನಗೆ ಮೊದಲಿಗಿಂತ ಹೆಚ್ಚು ಜಾಗ ಬಿಡುತ್ತಿದ್ದರು. ನನ್ನ ಹತ್ತಿರ ಯಾರೂ ತಮ್ಮ ಮನೆಯ ಮಾತು ಆಡುತ್ತಿರಲಿಲ್ಲ. ಆಪಾ ಮೊದಲಿನ ಪಾಳಿಗೆ ಬರುವುದು ಬಿಟ್ಟು ಎಲ್ಲರ ಕೊನೆಗೆ, ನಾನು ಮೊದಲು ನಿಲ್ಲುತ್ತಿದ್ದ ಜಾಗದಲ್ಲಿ, ಬಂದು ನಿಂತರು.

ಮಾವಿನಕಾಯಿಯ ದಿನಗಳಲ್ಲಿ ಉಪ್ಪಿನಕಾಯಿ ಹಾಕಲು ಹಳಿಯಾಳಕ್ಕೆ ಹೋದೆ. ಅಪ್ಪ ಕಟ್ಟೆಯ ಮೇಲೆ ಕುಳಿತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ನಾನು ಹೋಳು ಮಾಡುತ್ತ, ಬೇರೆ ಯಾರದೋ ಮಾತೆಂಬ ಹಾಗೆ ಕೇಳಿದೆ.

“ಅಪ್ಪಾ, ಒಬ್ಬ ಪೈಲ್ವಾನ ಮೊಣಕಾಲಿಗೆ ಪಟ್ಟಿ ಕಟ್ಕೊಂಡು ಕಣಕ್ಕ ಇಳದ್ರ, ಎದುರಿನಾಂವ ಅದನ್ನ ಹಿಡೀಬಹುದೇನು?”

“ಹಿಡದ್ರ ಅಂವ ಪೈಲ್ವಾನ ಅಲ್ಲ. ನನ್ನ ಕಣದಾಗ ಹಿಡದಿದ್ರ ಆಗಿಂದಾಗ ಬರೋಬ್ಬರಿ ಅಂತ ಕೂಗತಿದ್ದೆ.”

“ಬರೋಬ್ಬರಿ ಅಂದ್ರ ಶಾಭಾಸ್ ಅಂತಲ್ಲೇನು?”

ಅಪ್ಪ ನಕ್ಕ. ನಾನು ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಂಡ. “ಶಾಭಾಸ್ ಯಾಕವಾ? ಇಬ್ಬರೂ ಸರಿಸಮ ಆದ್ರಿ, ಕೈ ಬಿಡ್ರಿ ಅಂತ. ಯಾರದರ ಏನರ ಮುರಿಯೂ ಹಂಗ ಕಂಡ್ರ ನಿಲ್ಲಸೂ ಮಾತು ಅದು. ಆಮ್ಯಾಲೆ ಮ್ಯಾಲಿನಾಂವ ಕೆಳಗಿನಾಂವಗ ಕೈ ಕೊಟ್ಟು ಎಬ್ಬಿಸಬೇಕು.”

ಹಾಗಾದರೆ ಹೊಸ್ತಿಲ ಹೊರಗೆ ನಿಂತು ಅಷ್ಟು ವರ್ಷ ನಾನು ಶಾಭಾಸ್ ಎಂದು ಕೇಳಿದ್ದೆಲ್ಲ ಬಿಡು ಎಂಬ ಮಾತು. ಸಪ್ಪಳ ನಿಂತ ಮೇಲೆ ಒಳಗೆ ಒಬ್ಬ ಇನ್ನೊಬ್ಬನಿಗೆ ಕೈ ಕೊಟ್ಟು ಎಬ್ಬಿಸುತ್ತಿದ್ದದ್ದು ನನಗೆ ಕಂಡೇ ಇರಲಿಲ್ಲ. ಈಳಿಗೆಯ ಮೇಲೆ ನನ್ನ ಕೈ ನಿಂತಿತು. ಅಪ್ಪ ನನ್ನ ಮುಖ ನೋಡಿದ, ನಗು ಬಿಟ್ಟ.

“ಯಾರದು ಮುರೀತು, ಯವ್ವಾ?” ಎಂದ.

 ಮಾವಿನಕಾಯಿಯ ಸೊನೆ ಕಣ್ಣಿಗೆ ಹಾರಿತು ಎಂದು ಎದ್ದು ಹೋದೆ.

ದಾಂಡೇಲಿಗೆ ಮರಳುವ ಬಸ್ಸಿನಲ್ಲಿ ಆಪಾನ ಮುಂದೆ ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಮೂರು ಸಲ ಆಡಿ ಮುಗಿಸಿದೆ. ನಾನು ಕ್ಷಮೆ ಕೇಳುತ್ತೇನೆ, ಅವರು ಅಳುತ್ತಾರೆ, ನಾನು ಕೈ ಹಿಡಿಯುತ್ತೇನೆ. ಮರುದಿನ ಅವರ ಬಾಗಿಲಲ್ಲಿ ನಿಂತಾಗ ಅದರಲ್ಲಿ ಒಂದೂ ಆಗಲಿಲ್ಲ. ಆಪಾ ನನ್ನನ್ನು ಒಳಗೆ ಕರೆಯಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಮೂಲೆಯಲ್ಲಿ ಯಂತ್ರಕ್ಕೆ ಬಟ್ಟೆ ಹೊದಿಸಿತ್ತು. ನಾನು ತಪ್ಪಾಯಿತು ಎಂದೆ. ಉಸಿರು ಹೊಕ್ಕುಳಕ್ಕೆ ಇಳಿಯಲಿಲ್ಲ. ನಳದ ಮುಂದೆ ನಿಂತು, ನಾನು ಹೇಳಿದ್ದು ಸುಳ್ಳು ಎಂದು ಎಲ್ಲರ ಎದುರು ಹೇಳುತ್ತೇನೆ, ಬೇಕಾದರೆ ಮುಂಡಗೋಡಕ್ಕೂ ಹೋಗಿ ಹೇಳುತ್ತೇನೆ ಎಂದೆ.

“ಬ್ಯಾಡ್ರಿ ಬಾಯಾರ” ಎಂದರು ಆಪಾ. “ಸುಳ್ಳು ಅಂತ ಹೇಳಾಕ ಹೋದ್ರ ಜನ ಅದನ್ನ ಇನ್ನೊಮ್ಮೆ ಮಾತಾಡ್ತಾರ. ಸುಮ್ನ ಇರ್ರಿ. ನಿಮಗ ಎಲ್ಲಾ ಬರತೈತಿ, ಸುಮ್ನ ಇರೂದು ಒಂದ ಬರೂದಿಲ್ಲ. ಈಗರ ಕಲೀರಿ.”

ಬೈದಿದ್ದರೆ ಮನೆಗೆ ಬಂದು ಅತ್ತು ಹಗುರಾಗುತ್ತಿದ್ದೆ. ಅವರು ನನಗೆ ರೀ ಎಂದರು. ತಂಗೆವ್ವ ಹೋಗಿ ಬಾಯಾರ ಆಗಿದ್ದೆ. ಅಂಗಡಿಯವರ ಹೆಂಡತಿಗೆ, ಮಾಸ್ತರರ ಹೆಂಡತಿಗೆ ಕೊಡುವ ಮರ್ಯಾದೆ ನನಗೆ ಕೊಟ್ಟರು.

ಸುಮ್ಮನಿರುವುದನ್ನು ಕಲಿಯತೊಡಗಿದೆ. ಪಾಳಿ ಹೇಳುವ ಕೆಲಸ ಬಿಟ್ಟೆ. ಒಂದೇ ವಾರದಲ್ಲಿ ಅದನ್ನು ಕಾಕು ಎತ್ತಿಕೊಂಡರು. ಆಪಾ ಬಂದರೆ ನನ್ನ ಕೊಡ ಹಿಂದಕ್ಕೆ ಎಳೆಯುತ್ತಿದ್ದೆ. ಆ ಜಾಗಕ್ಕೆ ಅವರು ಒಂದು ದಿನವೂ ಕೊಡ ಇಡಲಿಲ್ಲ. ತಮ್ಮ ಪಾಳಿ ಬರುವವರೆಗೆ ಕೈಕಟ್ಟಿ ನಿಂತು, ಬಂದ ಮೇಲೆ ತುಂಬಿಕೊಂಡು ಹೋಗುತ್ತಿದ್ದರು. ನನ್ನ ಕೊಡಕ್ಕೂ ಮುಂದಿನ ಕೊಡಕ್ಕೂ ನಡುವೆ ಒಂದು ಕೊಡದಷ್ಟು ಜಾಗ ಹಾಗೇ ಉಳಿಯುತ್ತಿತ್ತು.

ವರ್ಷ ದಾಟಿದ ಮೇಲೆ ಹುಡುಗಿ ಕ್ಯಾಸಲ್‌ರಾಕಿನಿಂದ ಬಂದಳು. ಯಂತ್ರದ ಸಪ್ಪಳ ಮತ್ತೆ ಶುರುವಾಯಿತು. ಬೆಳಿಗ್ಗೆ ಕೌದಿ ಕುಕ್ಕುವ ಸಪ್ಪಳ ಮಾತ್ರ ಬರಲಿಲ್ಲ. ನಾನು ಎಣಿಸುತ್ತಿದ್ದೆ ಎಂದು ಹೇಳಲು ಸಂಕೋಚ, ಆದರೆ ಎಣಿಸುತ್ತಿದ್ದೆ. ಎರಡು ತಿಂಗಳು, ಮೂರು ತಿಂಗಳು, ಒಂದು ಸಲವೂ ಇಲ್ಲ.

ಒಂದು ಮಧ್ಯಾಹ್ನ ಬಾಗಿಲಲ್ಲಿ ವಯಸ್ಸಾದ ಒಬ್ಬ ಮುಸಲ್ಮಾನ ಹೆಂಗಸು ನಿಂತು ಒಂದು ಲೋಟ ನೀರು ಕೇಳಿದರು. ತೇರಗಾಂವದವರಂತೆ. ನಮ್ಮ ಕಡೆ ಹೆಣ್ಣು ನೋಡಲು ಬಂದವರು ಮೊದಲು ಪಕ್ಕದ ಮನೆಯಲ್ಲಿ ನೀರು ಕೇಳುತ್ತಾರೆ. ನೀರು ನೆಪ, ಬೇಕಾದ್ದು ಮಾತು. ಅವರು ನನ್ನ ಮಗಳ ಹೆಸರು ಕೇಳಿದರು, ಮಳೆಯ ಮಾತಾಡಿದರು. ಆಮೇಲೆ ಲೋಟವನ್ನು ಎರಡು ಕೈಯಲ್ಲಿ ಹಿಡಿದು, “ಬಾಜೂಮನಿ ಹುಡುಗಿದು ಒಂದು ಮಾತು ಕೇಳೇವ್ರಿ. ಖರೇ ಏನು?” ಎಂದರು.

ಗೋಡೆಯ ಮೇಲಿನಿಂದ ಯಂತ್ರದ ಸಪ್ಪಳ ಬರುತ್ತಿತ್ತು. ನಿಂತಿತು. ಊಟದ ಹೊತ್ತಾಗಿರಲಿಲ್ಲ.

ಸುಮ್ಮನಿದ್ದರೆ ಹೌದೆಂದ ಹಾಗೆ. ಸುಳ್ಳು ಎಂದರೆ ಆಪಾ ಬೇಡವೆಂದದ್ದನ್ನೇ ಮಾಡಿದ ಹಾಗೆ. ಯಾವ ಪಟ್ಟೂ ನನ್ನ ಕೈಯಲ್ಲಿರಲಿಲ್ಲ. ನಾನು ಆ ಹೆಂಗಸಿನ ಎದೆ ನೋಡಲಿಲ್ಲ, ಕಣ್ಣೇ ನೋಡಿದೆ. ಮುದಿ ಕಣ್ಣು, ಹೆದರಿಸುವಂಥದ್ದೇನೂ ಇರಲಿಲ್ಲ ಅದರಲ್ಲಿ.

“ಆ ಮಾತು ಹುಟ್ಟಿಸಿದಾಕಿ ನಾನರೀ” ಎಂದೆ. “ಎರಡು ಕೊಡ ನೀರಿನ ಜಗಳದಾಗ, ನಾಕು ಮಂದಿ ಮುಂದ ನನ್ನ ಮಾತು ಮ್ಯಾಲಾಗಲಿ ಅಂತ ಆಡಿದ್ದೆ. ಹುಡುಗಿದು ಏನೂ ತಪ್ಪಿಲ್ಲ. ಆಕಿ ನನಗ ಹೊಲಿಗಿ ಕಲಿಸಿದಾಕಿ. ನನ್ನ ಮಾತಿನ ಮ್ಯಾಲ ಹೋಗಬ್ಯಾಡ್ರಿ, ನಾ ಅಂಥಾಕಿ.”

ಆಕೆ ನೀರನ್ನು ಪೂರ್ತಿ ಕುಡಿದರು. ಲೋಟ ಕೆಳಗಿಟ್ಟು, ನನ್ನನ್ನು ಇನ್ನೊಮ್ಮೆ ನೋಡಿ, ಹೊರಟುಹೋದರು. ಆಚೆ ಯಂತ್ರ ಬಹಳ ಹೊತ್ತಿನ ಮೇಲೆ ಶುರುವಾಯಿತು.

ಮದುವೆ ತೇರಗಾಂವಕ್ಕೇ ಗೊತ್ತಾಯಿತು. ನನ್ನಿಂದಾಯಿತು ಎನ್ನುವ ಹಾಗಿಲ್ಲ. ಹಕೀಮರ ಔಷಧಿ ಇತ್ತು, ಹುಡುಗಿಯ ಕೈಯ ಹೊಲಿಗೆ ಇತ್ತು, ಆ ಮುದುಕಿಯ ಮನಸ್ಸು ದೊಡ್ಡದಿತ್ತು. ಮುಂಡಗೋಡದವರಿಗೆ ಹೋಲಿಸಿದರೆ ಬಡವರ ಮನೆ. ಆ ವ್ಯತ್ಯಾಸ ನನ್ನ ಬಾಯಿಂದಾದದ್ದು, ಅದನ್ನು ಯಾರೂ ಸರಿ ಮಾಡಲಾರರು.

ಆಪಾ ಸಕ್ಕರೆ ಹಂಚುತ್ತ ಬಂದರು. ಕಾಕುವಿನ ಮನೆಗೆ ಹೋಗಿ, ನಡುವಿನ ಮನೆಗಳಿಗೆಲ್ಲ ಹೋಗಿ, ನಮ್ಮ ಬಾಗಿಲನ್ನು ದಾಟಿ ಹೋಗುತ್ತಾರೆ ಎಂದು ನಾನು ಒಳಗೇ ನಿಂತಿದ್ದೆ. ಹೋಗಲಿಲ್ಲ, ಹೊಸ್ತಿಲ ಹೊರಗೆ ನಿಂತರು. ಅದೇ ಹಿತ್ತಾಳೆ ಬಟ್ಟಲು. ಸಕ್ಕರೆಯಲ್ಲಿ ಮುಳುಗಿಸಿ ಎತ್ತಿದರು. ಮೇಲೆ ನಿಂತ ಗೋಪುರವನ್ನು ತೋರುಬೆರಳಿನಿಂದ ಅಂಚಿಗೆ ಸಮನಾಗಿ ಸವರಿ ತಟ್ಟೆಗೆ ಕೆಡವಿದರು. ಆಮೇಲೆ ನನ್ನ ಸೆರಗಿಗೆ ಹಾಕಿ, “ತಗೋರಿ, ಬಾಯಾರ” ಎಂದರು.

ಸಂಜೆ ಅದೇ ಸಕ್ಕರೆ ಹಾಕಿ ಚಹಾ ಮಾಡಿದೆ. ನಮ್ಮನೆಯವರು ಒಂದು ಗುಟುಕು ಕುಡಿದು, ಸಕ್ಕರಿ ಇವತ್ತ ಬರೋಬ್ಬರಿ ಆಗೇತಿ ನೋಡು, ಎಂದರು.